ಕಲಿಯುವ ಕೈ, ಕಾಯುವ ಕಣ್ಣು

1858ರ ಅಕ್ಟೋಬರ್ 30, ಶನಿವಾರ. ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಬ್ರಾಡ್‌ಫರ್ಡ್ ಪಟ್ಟಣದ ಸಂತೆಯಲ್ಲಿ ವಿಲಿಯಂ ಹಾರ್ಡೇಕರ್ ಎಂಬಾತ ಎಂದಿನಂತೆ ಪೆಪ್ಪರಮಿಂಟು ಮಾರುತ್ತಿದ್ದ. ಊರ ಜನರ ಬಾಯಲ್ಲಿ ಅವನು ‘ಹಂಬಗ್ ಬಿಲ್ಲಿ’. ಅಂದು ಅವನಿಂದ ಪೆಪ್ಪರಮಿಂಟು ಕೊಂಡೊಯ್ದವರ ಮನೆಗಳಲ್ಲಿ ಮಕ್ಕಳೆನ್ನದೆ ದೊಡ್ಡವರೆನ್ನದೆ ಒಬ್ಬರಾದ ಮೇಲೊಬ್ಬರು ವಾಂತಿ ಮಾಡಿಕೊಳ್ಳತೊಡಗಿದರು. ಮೊದಲು ಇಬ್ಬರು ಮಕ್ಕಳು ಸತ್ತಾಗ ಕಾಲರಾ ಇರಬೇಕೆಂದೇ ಎಲ್ಲರೂ ಭಾವಿಸಿದರು. ಸಾವು ಹೆಚ್ಚುತ್ತಾ ಹೋದಂತೆ ಪೊಲೀಸರು ಪೆಪ್ಪರಮಿಂಟಿನ ಜಾಡು ಹಿಡಿದರು. ಎಲ್ಲ ಮುಗಿಯುವ ಹೊತ್ತಿಗೆ ಸುಮಾರು 20 ಮಂದಿ ಪ್ರಾಣ ಕಳೆದುಕೊಂಡಿದ್ದರು. 200ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದಿದ್ದರು.

ಆ ಜಾಡು ಹೋಗಿ ನಿಂತದ್ದು ಸಮೀಪದ ಶಿಪ್ಲಿ ಎಂಬ ಊರಿನ ಮದ್ದಿನಂಗಡಿಯ ಅಟ್ಟದಲ್ಲಿ. ಸಕ್ಕರೆ ದುಬಾರಿಯಾಗಿದ್ದ ಕಾಲ ಅದು. ಖರ್ಚು ಉಳಿಸಲು ಮಿಠಾಯಿಗೆ ಜಿಪ್ಸಂನಂಥ ಬಿಳಿಪುಡಿ ಬೆರೆಸುವುದು ವಾಡಿಕೆಯಾಗಿತ್ತು. ಜೋಸೆಫ್ ನೀಲ್ ಎಂಬ ಮಿಠಾಯಿ ತಯಾರಕ ಆ ಪುಡಿ ತರಲು ಚಾರ್ಲ್ಸ್ ಹಾಡ್ಸನ್‌ನ ಅಂಗಡಿಗೆ ಆಳು ಕಳಿಸಿದ್ದ. ಹಾಡ್ಸನ್‌ಗೆ ಕಾಯಿಲೆ, ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಅಂಗಡಿಯಲ್ಲಿದ್ದವನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಸಹಾಯಕ ವಿಲಿಯಂ ಗೊಡ್ಡಾರ್ಡ್. ಪುಡಿ ಎಲ್ಲಿದೆ ಎಂದು ಅವನು ಕೇಳಿದ. ಅಟ್ಟದ ಮೂಲೆಯ ಪೀಪಾಯಿಯಲ್ಲಿದೆ ಎಂದು ಯಜಮಾನ ಹೇಳಿದ. ಗೊಡ್ಡಾರ್ಡ್ ಅಟ್ಟ ಹತ್ತಿ, ಮೂಲೆಯ ಪೀಪಾಯಿಯಿಂದ 12 ಪೌಂಡ್, ಅಂದರೆ ಸುಮಾರು ಐದೂವರೆ ಕಿಲೋ ಪುಡಿ ತೂಗಿ ಕೊಟ್ಟ. ಅದು ಜಿಪ್ಸಂ ಆಗಿರಲಿಲ್ಲ. ಬಣ್ಣದಲ್ಲಿ ಅದನ್ನೇ ಹೋಲುವ ಪಾಷಾಣ, ಆರ್ಸೆನಿಕ್.

ಪ್ರಕರಣ ನ್ಯಾಯಾಲಯ ಹತ್ತಿತಾದರೂ ಯಾರಿಗೂ ಶಿಕ್ಷೆಯಾಗಲಿಲ್ಲ. ಕೊಲ್ಲುವ ಉದ್ದೇಶ ಯಾರಿಗೂ ಇರಲಿಲ್ಲ. ಪಾಷಾಣ ಮಾರುವವನು ಕೊಳ್ಳುವವನ ಹೆಸರು, ಉದ್ದೇಶ ಬರೆದುಕೊಂಡು ಸಹಿ ಪಡೆಯಬೇಕೆಂಬ ಕಾಯ್ದೆ 1851ರಲ್ಲೇ ಬಂದಿತ್ತು. ಆದರೆ ತಾನು ಕೊಡುತ್ತಿರುವುದು ಪಾಷಾಣವೆಂದೇ ಗೊತ್ತಿಲ್ಲದವನ ಕೈಯಲ್ಲಿ ಆ ಕಾಯ್ದೆ ಏನು ಮಾಡೀತು? ಶಿಪ್ಲಿಯಲ್ಲಿ ಕೊರತೆಯಾದದ್ದು ಕಾನೂನಲ್ಲ. ಕಲಿಯುತ್ತಿದ್ದ ಹುಡುಗನ ಪಕ್ಕದಲ್ಲಿ ನಿಂತು, ‘ತಡಿ, ಅದಲ್ಲ’ ಎನ್ನಬಲ್ಲ ಒಬ್ಬ ಬಲ್ಲವನದು.

ಔಷಧ ವೃತ್ತಿಯ ಶಿಕ್ಷಣದ ಚರಿತ್ರೆಯನ್ನು ಈ ಒಂದು ಕೊರತೆ ತುಂಬಿಕೊಳ್ಳುವ ಪ್ರಯತ್ನದ ಚರಿತ್ರೆಯೆಂದೇ ಓದಬಹುದು. ಪುಸ್ತಕ, ಪ್ರಯೋಗಾಲಯ, ಪರೀಕ್ಷೆ ಎಲ್ಲವೂ ಕಾಲಕ್ರಮದಲ್ಲಿ ಬಂದವು. ಆದರೆ ನಿಜವಾದ ರೋಗಿಯ ನಿಜವಾದ ಚೀಟಿ ವಿದ್ಯಾರ್ಥಿಯ ಕೈಗೆ ಬರುವ ಗಳಿಗೆಯಲ್ಲಿ ಪಕ್ಕದಲ್ಲಿ ಯಾರಿರಬೇಕು, ಅವರ ಹೊಣೆ ಏನು ಎಂಬ ಪ್ರಶ್ನೆ ಮಾತ್ರ ಅಂದಿನಿಂದ ಇಂದಿನವರೆಗೂ ಬೆನ್ನು ಬಿಟ್ಟಿಲ್ಲ.

ಯಜಮಾನನ ಮನೆಯಲ್ಲೇ ಪಾಠ

ಕಾಲೇಜುಗಳು ಹುಟ್ಟುವ ಮೊದಲು ಯುರೋಪಿನಲ್ಲಿ ಮದ್ದಿನ ವಿದ್ಯೆ ಕಲಿಯಲು ಇದ್ದ ದಾರಿ ಒಂದೇ. ಹದಿಹರೆಯದ ಹುಡುಗನನ್ನು ಅಪಾಥಿಕರಿ ಎಂದು ಕರೆಯಲಾಗುತ್ತಿದ್ದ ಮದ್ದಿನವನ ಬಳಿ ಕರಾರು ಬರೆದು ಬಿಡುವುದು. ಹುಡುಗ ಯಜಮಾನನ ಮನೆಯಲ್ಲೇ ಉಂಡು, ಅಲ್ಲೇ ಮಲಗಿ, ಅಂಗಡಿ ಗುಡಿಸಿ, ಸೀಸೆ ತೊಳೆದು, ಬೇರು ನಾರು ಕುಟ್ಟಿ, ನಿಧಾನವಾಗಿ ತಕ್ಕಡಿ ಹಿಡಿಯುವ ಹಂತಕ್ಕೆ ಬರುತ್ತಿದ್ದ. ಆಮ್ಲಜನಕವನ್ನು ಮೊದಲು ಕಂಡವರಲ್ಲಿ ಒಬ್ಬನಾದ ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಷೀಲೆ ರಸಾಯನ ವಿಜ್ಞಾನ ಕಲಿತದ್ದು ಯಾವ ವಿಶ್ವವಿದ್ಯಾಲಯದಲ್ಲೂ ಅಲ್ಲ; ಗೋಥೆನ್‌ಬರ್ಗ್‌ನ ಮದ್ದಿನಂಗಡಿಯೊಂದರಲ್ಲಿ ಶಿಷ್ಯನಾಗಿ ಸೇರಿ. ಇಂಗ್ಲಿಷ್ ಕವಿ ಜಾನ್ ಕೀಟ್ಸ್ ಹದಿಹರೆಯದಲ್ಲಿ ಥಾಮಸ್ ಹ್ಯಾಮಂಡ್ ಎಂಬ ಅಪಾಥಿಕರಿಯ ಬಳಿ ಹೀಗೆಯೇ ಶಿಷ್ಯವೃತ್ತಿ ಮಾಡಿದ್ದ. ಮುಂದೆ 1816ರಲ್ಲಿ ಪರೀಕ್ಷೆ ಪಾಸು ಮಾಡಿ ಪರವಾನಗಿಯನ್ನೂ ಪಡೆದ.

ಇಂಗ್ಲೆಂಡಿನಲ್ಲಿ ಅಪಾಥಿಕರಿಗಳ ಸಂಘ ಸ್ಥಾಪನೆಯಾದದ್ದು 1617ರಲ್ಲಿ. 1815ರ ಕಾಯ್ದೆಯು ಪರವಾನಗಿ ಬೇಕಾದವರಿಗೆ ಐದು ವರ್ಷಗಳ ಶಿಷ್ಯವೃತ್ತಿ ಕಡ್ಡಾಯವೆಂದಿತು. ಆದರೆ ಅಷ್ಟರಲ್ಲಾಗಲೇ ಅಪಾಥಿಕರಿಗಳು ಮದ್ದು ಅರೆಯುವುದಕ್ಕಿಂತ ರೋಗಿಗಳನ್ನು ನೋಡುವುದರಲ್ಲಿ ಹೆಚ್ಚು ತೊಡಗಿದ್ದರು. ಮದ್ದು ಮಾರುವ ಕೆಲಸ ‘ಕೆಮಿಸ್ಟ್ ಮತ್ತು ಡ್ರಗ್ಗಿಸ್ಟ್’ ಎಂಬ ಬೇರೊಂದು ವರ್ಗದ ಪಾಲಾಗಿತ್ತು. ಈ ವರ್ಗಕ್ಕೆ ಕಟ್ಟುಪಾಡೇ ಇರಲಿಲ್ಲ. ಬಂಡವಾಳ ಇದ್ದ ಯಾರು ಬೇಕಾದರೂ ಅಂಗಡಿ ಇಡಬಹುದಾಗಿತ್ತು.

ಇದನ್ನು ಸರಿಪಡಿಸಲು ಜೇಕಬ್ ಬೆಲ್ ಮೊದಲಾದವರು 1841ರಲ್ಲಿ ಲಂಡನ್ನಿನಲ್ಲಿ ಫಾರ್ಮಸ್ಯೂಟಿಕಲ್ ಸೊಸೈಟಿ ಸ್ಥಾಪಿಸಿದರು. ಮರುವರ್ಷವೇ ಅದರ ಶಾಲೆ ಆರಂಭವಾಯಿತು. ಆದರೂ ಪರೀಕ್ಷೆಗೆ ಕೂರುವುದು ಬಿಡುವುದು ಅವರವರ ಇಚ್ಛೆಗೆ ಬಿಟ್ಟದ್ದು. ಬ್ರಾಡ್‌ಫರ್ಡ್ ದುರಂತವಾದ ಹತ್ತು ವರ್ಷಗಳ ಮೇಲೆ, 1868ರಲ್ಲಿ, ಬ್ರಿಟಿಷ್ ಸಂಸತ್ತು ಹೊಸ ಫಾರ್ಮಸಿ ಕಾಯ್ದೆ ತಂದಿತು. ವಿಷವಸ್ತುಗಳ ಮಾರಾಟಕ್ಕೆ ಕಟ್ಟುಪಾಡು ಬಂತು. ಹೊಸದಾಗಿ ವೃತ್ತಿಗೆ ಇಳಿಯುವವರು ಪರೀಕ್ಷೆ ಪಾಸಾಗಿ, ರಿಜಿಸ್ಟರಿನಲ್ಲಿ ಹೆಸರು ಬರೆಸಿಕೊಳ್ಳಲೇಬೇಕಾಯಿತು. ಸಂತೆಯಲ್ಲಿ ಪೆಪ್ಪರಮಿಂಟು ತಿಂದು ಸತ್ತವರ ನೆನಪು ಈ ಕಾಯ್ದೆಗೆ ದಾರಿ ಮಾಡಿಕೊಟ್ಟ ಕಾರಣಗಳಲ್ಲಿ ಒಂದು.

ಕಾಂಪೌಂಡರ್ ಕಾಲ

ಬ್ರಿಟಿಷರ ಆಸ್ಪತ್ರೆಗಳ ಜತೆಯಲ್ಲೇ ಭಾರತಕ್ಕೆ ಬಂದವನು ಕಾಂಪೌಂಡರ್. ಹಲವು ವಸ್ತುಗಳನ್ನು ಅಳತೆಗೆ ತಕ್ಕಂತೆ ಬೆರೆಸಿ ಮದ್ದು ತಯಾರಿಸುವುದು ‘ಕಾಂಪೌಂಡಿಂಗ್’. ಅದನ್ನು ಮಾಡುವವನು ಕಾಂಪೌಂಡರ್. 19ನೇ ಶತಮಾನದ ಉತ್ತರಾರ್ಧದಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜು ಸೇರಿದಂತೆ ಕೆಲವೆಡೆ ಇವರಿಗಾಗಿ ತರಗತಿಗಳು ಶುರುವಾದವು. ಆದರೆ ಬಹುಪಾಲು ಕಾಂಪೌಂಡರ್‌ಗಳು ಕಲಿತದ್ದು ವೈದ್ಯರ ಪಕ್ಕದಲ್ಲಿ ನಿಂತು, ನೋಡಿ, ಮಾಡಿ.

ಹಳೆಯ ತಲೆಮಾರಿನವರಿಗೆ ಆ ಕಾಂಪೌಂಡರ್‌ನ ಚಿತ್ರ ಕಣ್ಣಿಗೆ ಕಟ್ಟಿದಂತಿದೆ. ಮನೆಯಿಂದ ತೊಳೆದು ತಂದ ಖಾಲಿ ಸೀಸೆ. ಅದಕ್ಕೆ ಸುರಿದ ಕೆಂಪು ಮಿಕ್ಶ್ಚರ್. ಒಂದೊಂದು ಹೊತ್ತಿನ ಪ್ರಮಾಣ ತಿಳಿಯಲೆಂದು ಅಂಚು ಕತ್ತರಿಸಿ ಸೀಸೆಗೆ ಅಂಟಿಸಿದ ಕಾಗದದ ಪಟ್ಟಿ. ಚಿಕ್ಕ ಕಾಗದದಲ್ಲಿ ಮಡಿಚಿದ ಪುಡಿ ಪೊಟ್ಟಣ. ಹಳ್ಳಿಯ ಡಿಸ್ಪೆನ್ಸರಿಗಳಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವವನೂ ಅವನೇ, ಡಾಕ್ಟರು ಊರಲ್ಲಿಲ್ಲದ ದಿನ ಡಾಕ್ಟರೂ ಅವನೇ. ಇವರಲ್ಲಿ ಅನೇಕರು ಅನುಭವದಿಂದ ಪಳಗಿದ ಕೈಗಳು. ಆದರೆ ಆ ಅನುಭವ ಸರಿಯೋ ತಪ್ಪೋ ಎಂದು ಅಳೆಯುವ ಅಳತೆಗೋಲು ದೇಶದಲ್ಲಿ ಇರಲಿಲ್ಲ. ಗುರು ಒಳ್ಳೆಯವನಾದರೆ ಶಿಷ್ಯನಿಗೆ ಒಳ್ಳೆಯ ಅಭ್ಯಾಸ. ಗುರುವೇ ಅಂದಾಜಿನ ಮೇಲೆ ಸುರಿಯುವವನಾದರೆ ಶಿಷ್ಯನೂ ಅಂದಾಜಿನವನೇ.

ಕಲಬೆರಕೆ ಔಷಧಗಳ ಬಗ್ಗೆ ದೂರು ಹೆಚ್ಚಿದಾಗ ಭಾರತ ಸರ್ಕಾರ 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಮರುವರ್ಷ ವರದಿ ಕೊಟ್ಟ ಸಮಿತಿ, ಔಷಧದ ಗುಣಮಟ್ಟಕ್ಕೆ ಹೇಗೋ ಹಾಗೆಯೇ ಅದನ್ನು ಕೊಡುವ ಕೈಗಳ ಶಿಕ್ಷಣಕ್ಕೂ ಕಾನೂನು ಬೇಕೆಂದಿತು. ಇದೇ ಹೊತ್ತಿಗೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪ್ರೊ. ಮಹಾದೇವ ಲಾಲ್ ಶ್ರಾಫ್ ಅವರು ಔಷಧ ರಸಾಯನ ವಿಜ್ಞಾನದ ಬೋಧನೆ ಆರಂಭಿಸಿದರು. 1937ರಲ್ಲಿ ಅಲ್ಲಿ ಬಿ.ಫಾರ್ಮ ಪದವಿ ರೂಪುಗೊಂಡಿತು. ಭಾರತದ ಫಾರ್ಮಸಿ ಶಿಕ್ಷಣದ ಪಿತಾಮಹ ಎಂದು ಶ್ರಾಫ್ ಅವರನ್ನು ಕರೆಯುವುದು ಈ ಕಾರಣಕ್ಕೆ.

1940ರಲ್ಲಿ ಔಷಧ ಕಾಯ್ದೆ, 1948ರಲ್ಲಿ ಫಾರ್ಮಸಿ ಕಾಯ್ದೆ ಬಂದವು. ಎರಡನೆಯ ಕಾಯ್ದೆಯ ಮೂಲಕ ಭಾರತೀಯ ಫಾರ್ಮಸಿ ಪರಿಷತ್ತು ಹುಟ್ಟಿತು. ಆ ಕಾಯ್ದೆ ಕಾಂಪೌಂಡರ್‌ಗಳನ್ನು ಬೀದಿಗೆ ತಳ್ಳಲಿಲ್ಲ ಎಂಬುದು ಗಮನಾರ್ಹ. ಆಸ್ಪತ್ರೆ, ಡಿಸ್ಪೆನ್ಸರಿ ಅಥವಾ ವೈದ್ಯರ ಚೀಟಿಗೆ ಔಷಧ ಕೊಡುವ ಸ್ಥಳದಲ್ಲಿ ಒಟ್ಟು ಐದು ವರ್ಷ ಮದ್ದು ಬೆರೆಸಿದ ಅನುಭವ ಇದ್ದವರಿಗೂ ಮೊದಲ ರಿಜಿಸ್ಟರಿನಲ್ಲಿ ಜಾಗ ಸಿಕ್ಕಿತು. ಆದರೆ ಮುಂದೆ ಬರುವವರಿಗೆ ಬರಿಯ ಅನುಭವ ಸಾಲದು. ತರಗತಿಯ ಪಾಠ ಬೇಕು, ಅದರ ಮೇಲೆ ಮೇಲ್ವಿಚಾರಣೆಯಲ್ಲಿ ಪಡೆದ ಪ್ರಾಯೋಗಿಕ ತರಬೇತಿ ಬೇಕು ಎಂದಾಯಿತು. ಮೊದಲ ಶಿಕ್ಷಣ ನಿಯಮಾವಳಿ 1953ರಲ್ಲಿ ಬಂತು. ಕರ್ನಾಟಕದಲ್ಲಿ ಮಣಿಪಾಲದಲ್ಲಿ 1963ರಲ್ಲೂ ಬೆಂಗಳೂರಿನ ಸರ್ಕಾರಿ ಫಾರ್ಮಸಿ ಕಾಲೇಜಿನಲ್ಲಿ 1964ರಲ್ಲೂ ಔಪಚಾರಿಕ ಶಿಕ್ಷಣ ನೆಲೆಯೂರಿತು.

500 ಗಂಟೆಯ ಲೆಕ್ಕ

ಡಿ.ಫಾರ್ಮ ಎಂಬ ಡಿಪ್ಲೊಮಾ ಶಿಕ್ಷಣಕ್ಕೆ 1991ರಲ್ಲಿ ಬಂದ ನಿಯಮಾವಳಿಯನ್ನು ಓದಿದರೆ, ಶಿಪ್ಲಿಯ ಅಟ್ಟದಲ್ಲಿ ಆದಂಥ ತಪ್ಪು ಮರುಕಳಿಸಬಾರದೆಂದೇ ಯಾರೋ ಕುಳಿತು ಬರೆದಂತಿದೆ. ತರಗತಿ ಪರೀಕ್ಷೆಗಳು ಮುಗಿದ ಬಳಿಕ ವಿದ್ಯಾರ್ಥಿ ಕನಿಷ್ಠ 500 ಗಂಟೆಗಳ ಪ್ರಾಯೋಗಿಕ ತರಬೇತಿ ಪಡೆಯಬೇಕು. ಅದು ಕನಿಷ್ಠ ಮೂರು ತಿಂಗಳ ಅವಧಿಯಲ್ಲಿ ಹರಡಿರಬೇಕು. ಅದರಲ್ಲಿ 250 ಗಂಟೆಯಾದರೂ ವೈದ್ಯರ ಚೀಟಿಗೆ ಔಷಧ ಕೊಡುವ ಕೆಲಸದಲ್ಲೇ ಕಳೆದಿರಬೇಕು. ತರಬೇತಿ ಸರ್ಕಾರಿ ಆಸ್ಪತ್ರೆಯಲ್ಲಾಗಬಹುದು, ಪರವಾನಗಿ ಪಡೆದ ಔಷಧ ಅಂಗಡಿಯಲ್ಲೂ ಆಗಬಹುದು.

ಕಲಿಯಬೇಕಾದದ್ದರ ಪಟ್ಟಿಯೂ ಉಂಟು. ಕಾನೂನು ಕೇಳುವ ದಾಖಲೆಗಳನ್ನು ಇಡುವುದು. ನಿತ್ಯ ಬಳಕೆಯ ಉಪಕರಣಗಳನ್ನು ಕೈಯಾಡಿಸುವುದು. ಚೀಟಿಯನ್ನು ಓದಿ, ಅರ್ಥ ಬಿಡಿಸಿ, ನಕಲು ಮಾಡಿ, ಔಷಧದ ಪ್ರಮಾಣ ಸರಿ ಇದೆಯೇ ಎಂದು ತಾಳೆ ನೋಡುವುದು. ಬೇರೆ ಬೇರೆ ರೂಪದ ಔಷಧಗಳನ್ನು ರೋಗಿಗೆ ಕೊಡುವುದು. ಔಷಧಗಳನ್ನು ಸರಿಯಾಗಿ ದಾಸ್ತಾನು ಮಾಡುವುದು. ಶಿಪ್ಲಿಯಲ್ಲಿ ತಪ್ಪಿದ್ದು ಈ ಕೊನೆಯ ಬಾಬಿನಲ್ಲೇ ಎಂಬುದನ್ನು ನೆನೆಯಬಹುದು.

ಇಡೀ ನಿಯಮಾವಳಿಯಲ್ಲಿ ಹೆಚ್ಚು ತೂಕದ್ದು ಇನ್ನೊಂದು ಸಣ್ಣ ಲೆಕ್ಕ. ಒಂದು ಅಂಗಡಿಯಲ್ಲಿ ಅಥವಾ ಆಸ್ಪತ್ರೆಯಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಒಬ್ಬರೇ ಇದ್ದರೆ ಇಬ್ಬರಿಗಿಂತ ಹೆಚ್ಚು ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಆಮೇಲೆ ಹೆಚ್ಚುವರಿ ಫಾರ್ಮಸಿಸ್ಟ್ ಒಬ್ಬರಿಗೆ ಒಬ್ಬ ವಿದ್ಯಾರ್ಥಿ ಮಾತ್ರ. ಒಂದು ಜೋಡಿ ಕಣ್ಣು ಎಷ್ಟು ಜೋಡಿ ಕೈಗಳನ್ನು ಕಾಯಬಲ್ಲದು ಎಂಬ ಪ್ರಶ್ನೆಗೆ ನಿಯಮ ಕೊಟ್ಟ ಉತ್ತರ ಇದು.

ಹಳೆಯ ಶಿಷ್ಯವೃತ್ತಿಯ ಕರಾರು ಪತ್ರವೂ ಇಲ್ಲಿ ಹೊಸ ವೇಷದಲ್ಲಿ ಉಳಿದುಕೊಂಡಿತು. ಕಾಲೇಜು ಮುಖ್ಯಸ್ಥರು ಮೂರು ಪ್ರತಿಗಳಲ್ಲಿ ನಮೂನೆ ಕೊಡುತ್ತಾರೆ. ಒಂದು ಭಾಗದಲ್ಲಿ ವಿದ್ಯಾರ್ಥಿ, ಇಂಥವರನ್ನು ನನ್ನ ತರಬೇತಿಯ ಗುರುವಾಗಿ ಒಪ್ಪಿ ಅವರ ಮಾತು ಕೇಳಿ ಗೌರವದಿಂದ ನಡೆಯುತ್ತೇನೆ ಎಂದು ಬರೆದುಕೊಡುತ್ತಾನೆ. ಮತ್ತೊಂದು ಭಾಗದಲ್ಲಿ ಗುರು, ಈ ವಿದ್ಯಾರ್ಥಿಗೆ ಇಂತಿಂಥ ಕೆಲಸ ಕಲಿಯಲು ಅನುಕೂಲ ಕಲ್ಪಿಸುತ್ತೇನೆ, ಮಾರ್ಗದರ್ಶನಕ್ಕೆ ನೋಂದಾಯಿತ ಫಾರ್ಮಸಿಸ್ಟ್ ಒಬ್ಬರನ್ನು ನೇಮಿಸುತ್ತೇನೆ ಎಂದು ಒಪ್ಪಿಕೊಳ್ಳುತ್ತಾರೆ. ಕೊನೆಗೆ ಇಷ್ಟು ಗಂಟೆ ತರಬೇತಿ ಆಗಿದೆ ಎಂಬ ದೃಢೀಕರಣ. ವಿದ್ಯಾರ್ಥಿಯ ವಿಧೇಯತೆಯಷ್ಟೇ ಗುರುವಿನ ಹೊಣೆಯೂ ಲಿಖಿತ ರೂಪ ಪಡೆದದ್ದು ಈ ಕಾಗದದ ವಿಶೇಷ. 2020ರಲ್ಲಿ ಪಠ್ಯಕ್ರಮವನ್ನು ಹೊಸದಾಗಿ ಬರೆದಾಗಲೂ 500 ಗಂಟೆಯ ತರಬೇತಿ ಉಳಿಯಿತು.

ಚೀಟಿಯ ಮುಂದೆ ಇಬ್ಬರು

ಹಾಗಾದರೆ ಮೇಲ್ವಿಚಾರಣೆ ಎಂದರೆ ದಿನನಿತ್ಯದಲ್ಲಿ ಏನು? ವೈದ್ಯರ ಚೀಟಿಯೊಂದು ಕೌಂಟರಿಗೆ ಬಂತೆನ್ನಿ. ‘ಬಿ.ಡಿ.’ ಎಂದರೆ ದಿನಕ್ಕೆ ಎರಡು ಸಲ, ‘ಟಿ.ಡಿ.ಎಸ್.’ ಎಂದರೆ ಮೂರು ಸಲ, ‘ಎಚ್.ಎಸ್.’ ಎಂದರೆ ಮಲಗುವಾಗ. ಲ್ಯಾಟಿನ್ ಮೂಲದ ಈ ಗುರುತುಗಳನ್ನು ವಿದ್ಯಾರ್ಥಿ ಪುಸ್ತಕದಲ್ಲಿ ಓದಿರುತ್ತಾನೆ. ಆದರೆ ಅವಸರದ ಕೈಬರಹದಲ್ಲಿ ಅವು ಹೇಗಿರುತ್ತವೆ ಎಂದು ಪುಸ್ತಕ ಹೇಳುವುದಿಲ್ಲ. ಔಷಧಗಳ ಹೆಸರುಗಳದ್ದಂತೂ ಇನ್ನೂ ತೊಡಕು. ಮೂತ್ರ ಹೆಚ್ಚಿಸುವ ‘ಲಾಸಿಕ್ಸ್’, ಹೊಟ್ಟೆಯ ಆಮ್ಲ ತಗ್ಗಿಸುವ ‘ಲೋಸೆಕ್’ ಎರಡೂ ಕೈಬರಹದಲ್ಲಿ ಒಂದೇ ತೆರನಾಗಿ ಕಂಡು ಗೊಂದಲವಾಯಿತೆಂದು 1990ರಲ್ಲಿ ಅಮೆರಿಕದಲ್ಲಿ ಎರಡನೆಯದರ ಹೆಸರನ್ನೇ ‘ಪ್ರೈಲೋಸೆಕ್’ ಎಂದು ಬದಲಿಸಬೇಕಾಯಿತು. ಭಾರತದಲ್ಲಿ ಚೀಟಿಯ ಬರಹ ಸ್ಪಷ್ಟವಾಗಿರಬೇಕು, ಸಾಧ್ಯವಾದಷ್ಟು ದೊಡ್ಡಕ್ಷರದಲ್ಲಿರಬೇಕು ಎಂದು ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ತಿದ್ದಿತು.

ಇನ್ನೊಂದು ಉದಾಹರಣೆ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯದು. ಕೀಲುವಾತಕ್ಕೆ ಇದನ್ನು ಕೊಡುವುದು ಸಾಮಾನ್ಯವಾಗಿ ವಾರಕ್ಕೊಮ್ಮೆ. ರೋಗಿ ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಹೊಸಬನ ಕೈಗೆ ಈ ಮಾತ್ರೆ ಬಂದಾಗ ಅದು ಹಲವು ಬಿಳಿ, ಹಳದಿ ಮಾತ್ರೆಗಳಲ್ಲಿ ಒಂದು. ಬಲ್ಲವರ ಕಣ್ಣಿಗೆ ಅದು ನಿಂತು, ಎರಡು ಸಲ ಓದಿ, ‘ವಾರದಲ್ಲಿ ಯಾವ ದಿನ ತೆಗೆದುಕೊಳ್ಳುತ್ತೀರಿ ಹೇಳಿ’ ಎಂದು ರೋಗಿಯ ಬಾಯಿಂದಲೇ ಹೇಳಿಸಬೇಕಾದ ಔಷಧ. ಈ ನಿಲ್ಲುವಿಕೆಯನ್ನು ಕಲಿಸುವುದೇ ಮೇಲ್ವಿಚಾರಣೆ.

ಒಳ್ಳೆಯ ಗುರುಗಳು ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಿಸುತ್ತಾರೆ. ಮೊದಲು ವಿದ್ಯಾರ್ಥಿ ನೋಡುತ್ತಾನೆ. ಆಮೇಲೆ ಗುರುವಿನ ಎದುರು ಮಾಡುತ್ತಾನೆ. ಬಳಿಕ ತಾನೇ ಮಾಡುತ್ತಾನೆ. ಆದರೆ ಔಷಧ ಕೌಂಟರು ದಾಟುವ ಮುನ್ನ ಗುರು ಚೀಟಿಯನ್ನೂ ಪೊಟ್ಟಣವನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ತಪ್ಪಾದಾಗ ರೋಗಿಯ ಎದುರು ಗದರುವುದಿಲ್ಲ, ತಪ್ಪನ್ನು ತಿದ್ದದೆ ಬಿಡುವುದೂ ಇಲ್ಲ. ಗದರಿಸಿಕೊಂಡ ಹುಡುಗ ಮುಂದಿನ ಸಲ ತಪ್ಪನ್ನು ಮುಚ್ಚಿಡಲು ಕಲಿಯುತ್ತಾನೆ; ಔಷಧದ ವಿಷಯದಲ್ಲಿ ಮುಚ್ಚಿಟ್ಟ ತಪ್ಪಿಗಿಂತ ಅಪಾಯಕಾರಿ ಬೇರೊಂದಿಲ್ಲ.

ಅಂಗಡಿಯಿಂದ ವಾರ್ಡಿಗೆ

ಕಾರ್ಖಾನೆಗಳಲ್ಲಿ ತಯಾರಾದ ಮಾತ್ರೆ, ಸಿರಪ್‌ಗಳು ಬಂದ ಮೇಲೆ ಅರೆದು ಬೆರೆಸುವ ಕೆಲಸ ಬಹುತೇಕ ನಿಂತುಹೋಯಿತು. ಫಾರ್ಮಸಿಸ್ಟ್ ಬರಿಯ ಡಬ್ಬಿ ಎತ್ತಿಕೊಡುವವನಾದನೇ ಎಂಬ ಪ್ರಶ್ನೆ ಎದ್ದಿತು. ಉತ್ತರವಾಗಿ ಮೂಡಿದ್ದು ಕ್ಲಿನಿಕಲ್ ಫಾರ್ಮಸಿ: ಔಷಧದ ಜತೆಗೆ ಅದನ್ನು ನುಂಗುವ ಮನುಷ್ಯನ ಮೇಲೂ ಗಮನ. ಮೈಸೂರು ಮತ್ತು ಊಟಿಯ ಜೆಎಸ್ಎಸ್ ಫಾರ್ಮಸಿ ಕಾಲೇಜುಗಳು 1990ರ ದಶಕದ ಉತ್ತರಾರ್ಧದಲ್ಲಿ ಆಸ್ಟ್ರೇಲಿಯಾದ ತಜ್ಞರ ಸಹಕಾರದೊಂದಿಗೆ ಫಾರ್ಮಸಿ ಪ್ರಾಕ್ಟೀಸ್ ಎಂಬ ಸ್ನಾತಕೋತ್ತರ ಕೋರ್ಸ್ ತೆರೆದವು. ವಿದ್ಯಾರ್ಥಿಗಳು ಆಸ್ಪತ್ರೆಯ ವಾರ್ಡಿಗೆ ಕಾಲಿಟ್ಟರು. 2008ರಲ್ಲಿ ಬಂದ ಆರು ವರ್ಷಗಳ ಫಾರ್ಮ್.ಡಿ. ಕೋರ್ಸಿನಲ್ಲಿ ಕೊನೆಯ ವರ್ಷವಿಡೀ ಆಸ್ಪತ್ರೆಯಲ್ಲೇ ಇಂಟರ್ನ್‌ಶಿಪ್.

ವಾರ್ಡಿನಲ್ಲಿ ಮೇಲ್ವಿಚಾರಣೆ ಇನ್ನಷ್ಟು ಸೂಕ್ಷ್ಮ. ವಿದ್ಯಾರ್ಥಿ ರೋಗಿಯ ಕೇಸ್ ಷೀಟ್ ಓದಿ, ಎರಡು ಔಷಧಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ಗುರುತಿಸಬಹುದು. ಅದನ್ನು ನೇರವಾಗಿ ರೋಗಿಗೆ ಹೇಳಿದರೆ ರೋಗಿ ಗಾಬರಿಯಾಗಿ ಔಷಧವನ್ನೇ ಬಿಟ್ಟಾನು. ಹೇಳದಿದ್ದರೆ ಅಪಾಯ ಹಾಗೆಯೇ ಉಳಿದೀತು. ವಿಷಯವನ್ನು ತೂಗಿ ನೋಡಿ, ವೈದ್ಯರ ಬಳಿ ಯಾವಾಗ, ಹೇಗೆ ಪ್ರಸ್ತಾಪಿಸಬೇಕೆಂದು ತೋರಿಸಿಕೊಡುವವರು ಜತೆಗಿರುವ ಅಧ್ಯಾಪಕರೇ.

ಸಹಿಯ ಬೆಲೆ

ಇಷ್ಟೆಲ್ಲ ಏರ್ಪಾಟಿನ ದುರ್ಬಲ ಕೊಂಡಿ ಎಲ್ಲಿದೆ ಎಂಬುದು ವೃತ್ತಿಯಲ್ಲಿರುವವರಿಗೆ ಗೊತ್ತಿಲ್ಲದ್ದೇನಲ್ಲ. ಗಂಟೆಗಳನ್ನು ಎಣಿಸುವುದು ಕಾಗದದ ಮೇಲೆ. ಸಂಜೆಯ ಹೊತ್ತು ಅಂಗಡಿಯ ಮುಂದೆ ಗಿರಾಕಿಗಳು ಮುಗಿಬಿದ್ದಿರುವಾಗ ವಿದ್ಯಾರ್ಥಿಗೆ ಪಾಠ ಹೇಳಲು ಯಾರಿಗೂ ಪುರಸೊತ್ತಿಲ್ಲ. ಅವನಿಗೆ ಪೆಟ್ಟಿಗೆ ಬಿಚ್ಚಿ ಜೋಡಿಸುವ ಕೆಲಸ ಸಿಗುತ್ತದೆ, ಚೀಟಿ ಸಿಗುವುದಿಲ್ಲ. ಕೆಲವೆಡೆ ವಿದ್ಯಾರ್ಥಿ ಬಾರದಿದ್ದರೂ ನಮೂನೆಯಲ್ಲಿ ಗಂಟೆ ತುಂಬಿಬಿಡುತ್ತದೆ ಎಂಬ ದೂರು ಹಳೆಯದು. ಅಲ್ಲಿ ಮೇಲ್ವಿಚಾರಕನ ಹೆಸರಿಗೇ ಅರ್ಥವಿಲ್ಲ.

ಔಷಧ ನಿಯಮಗಳು ಈ ವಿಷಯದಲ್ಲಿ ಬಳಸುವ ಮಾತು ಖಚಿತವಾಗಿದೆ. ವೈದ್ಯರ ಚೀಟಿಗೆ ಔಷಧ ಕೊಡುವುದು ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕು, ಇಲ್ಲವೇ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಆಗಬೇಕು. ಗೋಡೆಗೆ ತೂಗುಹಾಕಿದ ಪ್ರಮಾಣಪತ್ರ ಮೇಲ್ವಿಚಾರಣೆ ಮಾಡಲಾರದು. ತರಬೇತಿಯ ಗುಣಮಟ್ಟದ ಬಗ್ಗೆ ಸಂಶಯ ಉಳಿದದ್ದರಿಂದಲೇ ಡಿ.ಫಾರ್ಮ ಮುಗಿಸಿದವರಿಗೆ ನೋಂದಣಿಗೆ ಮುನ್ನ ಮತ್ತೊಂದು ನಿರ್ಗಮನ ಪರೀಕ್ಷೆ ಇರಬೇಕೆಂಬ ನಿಯಮಾವಳಿಯನ್ನು ಫಾರ್ಮಸಿ ಪರಿಷತ್ತು 2022ರಲ್ಲಿ ಹೊರಡಿಸಿತು. ಪರೀಕ್ಷೆ ತಿಳಿವಳಿಕೆಯನ್ನು ಅಳೆಯಬಲ್ಲದು. ಅವಸರದಲ್ಲೂ ಒಂದು ಗಳಿಗೆ ನಿಲ್ಲುವ ಅಭ್ಯಾಸ ಇದೆಯೇ ಎಂಬುದನ್ನು ಅಳೆಯುವುದು ಅದಕ್ಕೂ ಕಷ್ಟ. ಆ ಅಭ್ಯಾಸ ಬರುವುದು ಅದನ್ನು ದಿನವೂ ಪಾಲಿಸುವವರ ಪಕ್ಕದಲ್ಲಿ ನಿಂತಾಗ.

ವಿಲಿಯಂ ಗೊಡ್ಡಾರ್ಡ್ ಸೋಮಾರಿಯಾಗಿರಲಿಲ್ಲ, ಉಡಾಫೆಯವನೂ ಆಗಿರಲಿಲ್ಲ. ಗೊತ್ತಿಲ್ಲದ್ದನ್ನು ಯಜಮಾನನ ಬಳಿ ಹೋಗಿ ಕೇಳಿದ. ಹೇಳಿದ ಜಾಗಕ್ಕೇ ಹೋದ. ಕಲಿಯುವವನಿಂದ ನಿರೀಕ್ಷಿಸುವುದನ್ನೆಲ್ಲ ಅವನು ಮಾಡಿದ್ದ. ಅವನೊಡನೆ ಅಟ್ಟ ಹತ್ತಲು ಬಲ್ಲವರು ಯಾರೂ ಇರಲಿಲ್ಲ, ಅಷ್ಟೆ. ಇಂದು ತರಬೇತಿಯ ನಮೂನೆಗೆ ಸಹಿ ಹಾಕಲು ಪೆನ್ನು ತೆಗೆಯುವ ಪ್ರತಿಯೊಬ್ಬ ಫಾರ್ಮಸಿಸ್ಟ್ ದೃಢೀಕರಿಸುವುದು ಅದನ್ನೇ: ಈ ಹುಡುಗ ಅಥವಾ ಹುಡುಗಿ ಮೆಟ್ಟಿಲು ಹತ್ತಿದಾಗ ನಾನು ಜತೆಗಿದ್ದೆ.